ಮಾತಾಡದೆ ದಾಟಲಾಗದ ಬೀದಿ: ಹದಿಹರೆಯದವರು ಭಾಷೆ ಕಲಿಯಲು ಒಂದು ವರ್ಚುವಲ್ ಜಗತ್ತು

ಬೆಂಗಳೂರಿನಲ್ಲೇ ಹುಟ್ಟಿ, ಇಲ್ಲೇ ಒಂಬತ್ತನೇ ಕ್ಲಾಸಿನವರೆಗೆ ಓದಿದ ಹುಡುಗನಿಗೆ ಕನ್ನಡ ಮಾತಾಡಲು ಯಾಕೆ ಬರುವುದಿಲ್ಲ? ಈ ಪ್ರಶ್ನೆ ಬಂದ ತಕ್ಷಣ ನಾವು ಅಪ್ಪ ಅಮ್ಮನನ್ನೋ ಶಾಲೆಯನ್ನೋ ಬೈಯಲು ಶುರು ಮಾಡುತ್ತೇವೆ. ಸ್ವಲ್ಪ ತಡೆಯಿರಿ. ಆ ಹುಡುಗನ ಒಂದು ದಿನ ಹೇಗಿರುತ್ತದೆ ನೋಡಿ. ಶಾಲೆಯಲ್ಲಿ ಕನ್ನಡ ಪಾಠ ಇದೆ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ಕರ್ನಾಟಕದ ಶಾಲೆಗಳಲ್ಲಿ ಕನ್ನಡವನ್ನು ಒಂದನೇ ಅಥವಾ ಎರಡನೇ ಭಾಷೆಯಾಗಿ ಕಲಿಸಲೇಬೇಕು. ಅವನು ಬಿಟ್ಟ ಸ್ಥಳ ತುಂಬುತ್ತಾನೆ, ವಿರುದ್ಧ ಪದ ಬರೆಯುತ್ತಾನೆ, ಪಾಸೂ ಆಗುತ್ತಾನೆ. ಸಂಜೆ ಗಾಂಧಿ ಬಜಾರಿನಲ್ಲಿ ಹೂವಿನ ಅಂಗಡಿ ಮುಂದೆ ನಿಂತು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ರೇಟು ಕೇಳುತ್ತಾನೆ. ಅಂಗಡಿಯ ಅಮ್ಮ ಅದೇ ಭಾಷೆಯಲ್ಲಿ ಉತ್ತರ ಕೊಟ್ಟು, ಮೊಳ ಹಾಕಿ, ಕಾಸು ತೆಗೆದುಕೊಂಡು ಕಳಿಸುತ್ತಾರೆ. ಅಷ್ಟೇ, ವ್ಯವಹಾರ ಮುಗಿಯಿತು.

2011ರ ಜನಗಣತಿಯ ಪ್ರಕಾರ ಬೆಂಗಳೂರಿನಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ. ಇಲ್ಲಿ ಸೊಪ್ಪು ಮಾರುವವರು, ಆಟೋ ಓಡಿಸುವವರು ನಾಲ್ಕು ಭಾಷೆ ನಿಭಾಯಿಸುತ್ತಾರೆ. ಆ ಕೌಶಲದ ಬಗ್ಗೆ ನನಗೆ ತುಂಬಾ ಗೌರವ ಇದೆ. ಆದರೆ ಅದರ ಇನ್ನೊಂದು ಮುಖ ಏನೆಂದರೆ, ಕಲಿಯಬೇಕಾದ ಮಗುವಿಗೆ ಕನ್ನಡ ಬಾಯಿಗೆ ತರುವ ಅಗತ್ಯವೇ ಬೀಳುವುದಿಲ್ಲ. ತಡವರಿಸುವ ಮೊದಲೇ ಎದುರಿಗಿದ್ದವರು ಭಾಷೆ ಬದಲಿಸಿಬಿಡುತ್ತಾರೆ, ಅಲ್ವಾ? ನೀವೂ ಮಾಡುತ್ತೀರಿ, ನಾನೂ ಮಾಡುತ್ತೇನೆ. ಪಾಪ ಅಂತಲೇ ಮಾಡುತ್ತೇವೆ.

ಹಾಗಾಗಿ ವರ್ಚುವಲ್ ಜಗತ್ತು, ಅಂದರೆ ಮಕ್ಕಳು ಕಂಪ್ಯೂಟರಿನ ಒಳಗೇ ಓಡಾಡಿ ಒಬ್ಬರನ್ನೊಬ್ಬರು ಮಾತಾಡಿಸುವ ಊರು ಕಟ್ಟೋಣ ಅಂತ ಯಾರಾದರೂ ಬಂದಾಗ ನಾನು ಮೊದಲು ಕೇಳುವುದು ಇದನ್ನೇ. ಆ ಜಗತ್ತಿನಲ್ಲಿ ಮಾತಾಡದೆ ಆಗದೇ ಇರುವುದು ಏನಿದೆ? ಕೆ.ಆರ್. ಮಾರ್ಕೆಟನ್ನು ಕಂಪ್ಯೂಟರಿನಲ್ಲಿ ಎಷ್ಟು ಚೆನ್ನಾಗಿ ಬಿಡಿಸಿದರೂ ನಿಜವಾದ ಮಾರ್ಕೆಟಿನ ಮುಂದೆ ಅದು ನಿಲ್ಲುವುದಿಲ್ಲ. ನಿಜವಾದದ್ದು ಮೆಟ್ರೋ ಹತ್ತಿದರೆ ಸಿಗುತ್ತದೆ. ನಿಜವಾದ ಮಾರ್ಕೆಟಿನಲ್ಲಿ ಸಿಗದೇ ಇರುವುದನ್ನು ಕೊಟ್ಟರೆ ಮಾತ್ರ ನಮ್ಮ ಕೆಲಸಕ್ಕೆ ಅರ್ಥ. ಅಂದರೆ ಭಾಷೆ ಬದಲಿಸದ ಎದುರಾಳಿ, ತಡವರಿಸಲು ಸಮಯ, ಮತ್ತು ಆ ಮಾತು ಹೇಳಲೇಬೇಕಾದ ಕಾರಣ.

ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ. ಭಾಷೆ ಕಲಿಯಲು ವರ್ಚುವಲ್ ಜಗತ್ತು ಅನ್ನುವುದು ಹೊಸದೇನಲ್ಲ. 1994ರಲ್ಲೇ ಶ್ಮೂಸ್ ಯೂನಿವರ್ಸಿಟಿ ಅಂತ ಒಂದು ಜಾಗ ಇತ್ತು. ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ್ದು. ಅದರಲ್ಲಿ ಒಂದು ಚಿತ್ರವೂ ಇರಲಿಲ್ಲ. ಎಲ್ಲವೂ ಬರಹ. ನೀವು ಒಂದು ಕೋಣೆಗೆ ಬಂದಿದ್ದೀರಿ, ಇಲ್ಲಿ ಇಂಥವರು ಇದ್ದಾರೆ ಅಂತ ತೆರೆಯ ಮೇಲೆ ಸಾಲು ಮೂಡುತ್ತಿತ್ತು. ನೀವು ಟೈಪ್ ಮಾಡಿ ಮಾತಾಡಬೇಕು. ಮಾತಾಡದಿದ್ದರೆ ಅಲ್ಲಿ ನೋಡಲು ಬೇರೇನೂ ಇಲ್ಲ. ಆಮೇಲೆ 2003ರಲ್ಲಿ ಸೆಕೆಂಡ್ ಲೈಫ್ ಅನ್ನುವ, ಚಿತ್ರಗಳಿರುವ ಆನ್‌ಲೈನ್ ಜಗತ್ತು ಬಂತು. ಒಂದೊಂದು ತುಂಡು ಜಾಗ 256 ಮೀಟರ್ ಉದ್ದ, 256 ಮೀಟರ್ ಅಗಲ. ಅದರಲ್ಲಿ ಏನು ಬೇಕಾದರೂ ಕಟ್ಟಬಹುದು, ಹಾರಲೂಬಹುದು. ಅಲ್ಲಿಗೆ ಹೋದ ಎಷ್ಟೋ ಶಿಕ್ಷಣ ಸಂಸ್ಥೆಗಳು ಮೊದಲು ಕಟ್ಟಿದ್ದು ಏನು ಗೊತ್ತಾ? ಸಭಾಂಗಣ. ಸಾಲಾಗಿ ಕುರ್ಚಿ, ಮುಂದೆ ಸ್ಲೈಡ್ ತೋರಿಸುವ ಪರದೆ. ಹಾರಬಲ್ಲ ಮಕ್ಕಳನ್ನು ಮತ್ತೆ ಬೆಂಚಿನಲ್ಲಿ ಕೂರಿಸಿದರು. ನನಗೆ ಇದು ತುಂಬಾ ಬೇಜಾರಿನ ವಿಷಯ. ಯಾಕೆಂದರೆ ಈಗಲೂ ಅದೇ ನಡೆಯುತ್ತಿದೆ.

ಇದಕ್ಕೆ ಉತ್ತರ ನಮ್ಮ ಊರಲ್ಲೇ ಇತ್ತು. ಈ ಸಭೆಯಲ್ಲಿ ಇಂಗ್ಲಿಷ್ ಮೇಷ್ಟ್ರುಗಳು ಇದ್ದೀರಿ, ನಿಮಗೆ ಗೊತ್ತಿರುತ್ತದೆ. ಉಳಿದವರಿಗೆ ಹೇಳುತ್ತೇನೆ. 1979ರಿಂದ 1984ರವರೆಗೆ ಎನ್.ಎಸ್. ಪ್ರಭು ಅವರ ಮುಂದಾಳತ್ವದಲ್ಲಿ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಅದಕ್ಕೆ ಬೆನ್ನೆಲುಬಾಗಿತ್ತು. ಪ್ರಪಂಚದ ಭಾಷಾ ಶಿಕ್ಷಕರು ಇವತ್ತಿಗೂ ಅದನ್ನು ಬೆಂಗಳೂರು ಪ್ರಾಜೆಕ್ಟ್ ಅಂತಲೇ ಕರೆಯುತ್ತಾರೆ. ಅವರ ನಂಬಿಕೆ ಸರಳ. ಮಗುವಿನ ಮನಸ್ಸು ಅರ್ಥದ ಮೇಲೆ ಇದ್ದಾಗ ವ್ಯಾಕರಣ ಒಳಗೊಳಗೇ ಕೂಡಿಕೊಳ್ಳುತ್ತದೆ. ಆದ್ದರಿಂದ ಕ್ಲಾಸಿನಲ್ಲಿ ವ್ಯಾಕರಣದ ಪಾಠ ಮಾಡಲಿಲ್ಲ. ರೈಲಿನ ವೇಳಾಪಟ್ಟಿ ಕೊಟ್ಟರು, ನಕ್ಷೆ ಕೊಟ್ಟರು. ಇಷ್ಟು ಗಂಟೆಗೆ ಅಲ್ಲಿರಬೇಕಾದರೆ ಯಾವ ರೈಲು ಹಿಡಿಯಬೇಕು, ಹೇಳಿ. ಮೊದಲು ಮೇಷ್ಟ್ರು ಇಡೀ ಕ್ಲಾಸಿನ ಜೊತೆ ಅಂಥದ್ದೇ ಒಂದನ್ನು ಮಾಡಿ ತೋರಿಸುವುದು, ಆಮೇಲೆ ಮಕ್ಕಳು ತಾವೇ ಬಿಡಿಸುವುದು. ಇವತ್ತು ಎಲ್ಲ ದೇಶಗಳಲ್ಲೂ ಚಟುವಟಿಕೆ ಆಧಾರಿತ ಭಾಷಾ ಕಲಿಕೆಯ ಬಗ್ಗೆ ಮಾತಾಡುವವರು ಈ ಪ್ರಯೋಗವನ್ನು ನೆನೆಯುತ್ತಾರೆ. ಬೆಂಗಳೂರಿನಲ್ಲಿ ಮಕ್ಕಳ ಆ್ಯಪ್ ಮಾಡುವ ಹುಡುಗರಲ್ಲಿ ಇದನ್ನು ಕೇಳಿದವರು ನನಗೆ ಸಿಕ್ಕಿದ್ದು ಕಡಿಮೆ. ಎಲ್ಲರಿಗೂ ಗೊತ್ತಾಗಬೇಕು ಅನ್ನುವ ಆಸೆ ನನ್ನದು.

ಪ್ರಭು ಅವರು ಚಟುವಟಿಕೆಗಳಲ್ಲಿ ಮೂರು ಬಗೆ ಗುರುತಿಸಿದರು. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲ, ಅದನ್ನು ದಾಟಿಸಬೇಕು. ಇದು ಮೊದಲನೆಯದು. ಎರಡನೆಯದು, ಇರುವ ಮಾಹಿತಿಯಿಂದ ಯೋಚಿಸಿ ಹೊಸದೇನನ್ನೋ ಕಂಡುಕೊಳ್ಳಬೇಕು. ಮೂರನೆಯದು, ನಿನಗೆ ಏನನ್ನಿಸುತ್ತದೆ ಅಂತ ಅಭಿಪ್ರಾಯ ಹೇಳುವುದು. ಅವರಿಗೆ ಹೆಚ್ಚು ಹಿಡಿಸಿದ್ದು ಎರಡನೆಯದು, ಯೋಚಿಸುವ ಬಗೆ. ಯಾಕೆಂದರೆ ಬರೀ ಮಾಹಿತಿ ದಾಟಿಸುವುದು ಒಂದೆರಡು ಪದದಲ್ಲಿ ಮುಗಿದುಹೋಗಬಹುದು. ಅಭಿಪ್ರಾಯಕ್ಕೆ ಸರಿ ತಪ್ಪು ಇಲ್ಲ, ಹೊಸದಾಗಿ ಕಲಿಯುವವರಿಗೆ ಅಷ್ಟು ಬಯಲು ಸಿಕ್ಕರೆ ಗಾಬರಿ. ನಮ್ಮ ಜಗತ್ತು ಕಟ್ಟುವಾಗ ನಾನು ಇದನ್ನೇ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ.

ಈಗ ಒಂದು ಉದಾಹರಣೆ. ನಾವು ಕಟ್ಟಿರುವ ವರ್ಚುವಲ್ ಬೀದಿಯಲ್ಲಿ ಒಂದು ದರ್ಶಿನಿ ಇದೆ. ಕೌಂಟರಿನ ಒಳಗೆ ಒಬ್ಬ ಹುಡುಗಿ, ಹೊರಗೆ ಒಬ್ಬ ಹುಡುಗ. ರೇಟಿನ ಬೋರ್ಡು ಒಳಗಿರುವವಳಿಗೆ ಮಾತ್ರ ಕಾಣುತ್ತದೆ. ಹೊರಗಿರುವವನ ಕೈಯಲ್ಲಿ ಇನ್ನೂರು ರೂಪಾಯಿ ಮತ್ತು ಅವನ ಗುಂಪಿನವರಿಗೆ ಏನೇನು ಬೇಕು ಅನ್ನುವ ಪಟ್ಟಿ. ಒಬ್ಬರಿಗೆ ಇಡ್ಲಿ, ಸಾಂಬಾರ್ ಬೇರೆ ಬಟ್ಟಲಲ್ಲಿ. ಒಬ್ಬರು ಈರುಳ್ಳಿ ತಿನ್ನುವುದಿಲ್ಲ. ಇಬ್ಬರಿಗೆ ಕಾಫಿ, ಒಂದಕ್ಕೆ ಸಕ್ಕರೆ ಕಡಿಮೆ. ಇನ್ನೂರು ರೂಪಾಯಿಯಲ್ಲಿ ಎಲ್ಲವೂ ಬರುವುದಿಲ್ಲ, ಹಾಗಂತಲೇ ಲೆಕ್ಕ ಹಾಕಿ ಇಟ್ಟಿರುತ್ತೇವೆ. ಅಲ್ಲಿಗೆ ಬರೀ ದೋಸೆ ಎಷ್ಟು, ವಡೆ ಎಷ್ಟು ಅನ್ನುವ ಪ್ರಶ್ನೋತ್ತರ ಮುಗಿದು ನಿಜವಾದ ಮಾತು ಶುರುವಾಗುತ್ತದೆ. ವಡೆ ಬಿಡೋಣವಾ? ಈರುಳ್ಳಿ ಇಲ್ಲದೆ ಇನ್ನೇನಿದೆ? ಎರಡು ಕಾಫಿ ಬದಲು ಒಂದು ಬೈಟೂ ಮಾಡಿದರೆ ಎಷ್ಟು ಉಳಿಯುತ್ತೆ? ಈ ಗಡಿಬಿಡಿಯಲ್ಲಿ ಮಗುವಿಗೆ ತಾನು ಕನ್ನಡ ಮಾತಾಡುತ್ತಿದ್ದೇನೆ ಅನ್ನುವುದು ಮರೆತುಹೋಗಿರುತ್ತದೆ. ಅದೇ ನಮಗೆ ಬೇಕಾದದ್ದು.

ಗಮನಿಸಿ, ಇದಕ್ಕೆ ಚಂದದ ಗ್ರಾಫಿಕ್ಸ್ ಬೇಡ. ಬೇಕಾಗಿರುವುದು ಒಂದು ಗೋಡೆ. ಗೋಡೆಯಾಚೆ ಕಣ್ಣು ಹೋಗಬಾರದು, ದನಿ ಹೋಗಬೇಕು. ದೂರ ಹೋದಷ್ಟೂ ದನಿ ಸಣ್ಣಗಾಗುವ ಸೌಲಭ್ಯ ಈಗ ಬಹಳಷ್ಟು ವೇದಿಕೆಗಳಲ್ಲಿ ಇದೆ. ಅದನ್ನು ಬಳಸಿದರೆ ಒಂದೇ ಬೀದಿಯಲ್ಲಿ ಹತ್ತು ಜೋಡಿ ಮಕ್ಕಳು ಒಬ್ಬರಿಗೊಬ್ಬರು ಅಡ್ಡಿಯಾಗದೆ ಮಾತಾಡಬಹುದು. ವಿಡಿಯೋ ಕಾಲಿನಲ್ಲಿ ಇದು ಆಗುವುದಿಲ್ಲ. ಅಲ್ಲಿ ಒಬ್ಬ ಮಾತಾಡಿದರೆ ಮೂವತ್ತು ಜನ ಕೇಳಿಸಿಕೊಳ್ಳುತ್ತಾರೆ. ಹದಿನಾಲ್ಕು ವರ್ಷದ ಮಗುವಿಗೆ ಅದಕ್ಕಿಂತ ದೊಡ್ಡ ಹಿಂಸೆ ಇಲ್ಲ.

ಇಲ್ಲಿ ದೊಡ್ಡ ತೊಡಕು ಒಂದಿದೆ. ಇಬ್ಬರಿಗೂ ಇಂಗ್ಲಿಷ್ ಬಂದರೆ? ಒಂದೇ ಅಪಾರ್ಟ್‌ಮೆಂಟಿನ ಇಬ್ಬರು ಮಕ್ಕಳನ್ನು ಕೂರಿಸಿದರೆ ಮೂರನೇ ಮಾತಿಗೆ ಇಂಗ್ಲಿಷಿಗೆ ಹೋಗುತ್ತಾರೆ. ದಂಡ ಹಾಕುವುದು, ಅಂಕ ಕಳೆಯುವುದು, ಇವೆಲ್ಲ ನನಗೆ ಸರಿ ಅನಿಸುವುದಿಲ್ಲ. ಭಾಷೆಯನ್ನು ಶಿಕ್ಷೆಯ ಜೊತೆ ಕಟ್ಟಿಹಾಕಿದರೆ ಅದು ಜೀವಮಾನ ಬಿಡುವುದಿಲ್ಲ. ಬೇರೆ ದಾರಿ ಇದೆ. ಜೋಡಿಯನ್ನೇ ಬದಲಿಸಿ. ವೈಟ್‌ಫೀಲ್ಡಿನ ಹುಡುಗನಿಗೆ ಜೊತೆಯಾಗಿ ಕೋಲಾರ ಜಿಲ್ಲೆಯ ಮಾಲೂರಿನ ಕಡೆಯ ಕನ್ನಡ ಮಾಧ್ಯಮದ ಹುಡುಗಿಯನ್ನು ಕೊಡಿ. ಅವಳಿಗೆ ಇಂಗ್ಲಿಷ್ ಬೇಕು, ಅವನಿಗೆ ಕನ್ನಡ ಬೇಕು. ಇಬ್ಬರೂ ಕಲಿಯುವವರು, ಇಬ್ಬರೂ ಕಲಿಸುವವರು.

ಯುರೋಪಿನಲ್ಲಿ 2013ರಿಂದ 2015ರವರೆಗೆ ಟೀಲಾ ಅನ್ನುವ ಯೋಜನೆಯಲ್ಲಿ ಬೇರೆ ಬೇರೆ ದೇಶಗಳ ಹೈಸ್ಕೂಲ್ ಮಕ್ಕಳನ್ನು ಹೀಗೆ ಆನ್‌ಲೈನಿನಲ್ಲಿ, ವರ್ಚುವಲ್ ಜಗತ್ತಿನಲ್ಲೂ ಜೋಡಿ ಮಾಡಿದ್ದರು. ಅದಕ್ಕೂ ಮೊದಲು ಕ್ವೆಸ್ಟ್ ಅಟ್ಲಾಂಟಿಸ್ ಅನ್ನುವ ಮಕ್ಕಳ ಜಗತ್ತಿನಲ್ಲಿ ಇಂಗ್ಲಿಷ್ ಕಲಿಯುತ್ತಿದ್ದ ಚೀನಾದ ಮಕ್ಕಳನ್ನು ಅಮೆರಿಕದ ಮಕ್ಕಳ ಜೊತೆ ಸೇರಿಸಿ ಆಟದ ಕೆಲಸ ಕೊಟ್ಟು, ಡಾಂಗ್‌ಪಿಂಗ್ ಝೆಂಗ್ ಮತ್ತು ಜೊತೆಗಾರರು 2009ರಲ್ಲಿ ಅದರ ಬಗ್ಗೆ ಬರೆದರು. ನಮಗೆ ದೇಶ ದಾಟಬೇಕಾಗಿಲ್ಲ. ಎರಡು ಗಂಟೆ ಬಸ್ಸಿನ ದೂರ ಸಾಕು.

ಈ ಜೋಡಿಯಲ್ಲಿ ನನಗೆ ಮುಖ್ಯವಾದದ್ದು ಗೌರವ. ಕನ್ನಡ ಮಾಧ್ಯಮದಲ್ಲಿ ಓದುವ ಮಗುವಿಗೆ ನಗರದ ಮಕ್ಕಳ ಎದುರು ಒಂದು ಅಳುಕು ಇರುತ್ತದೆ. ಇಂಗ್ಲಿಷ್ ಬಂದವರೇ ಬುದ್ಧಿವಂತರು ಅನ್ನುವುದನ್ನು ನಾವೇ ಅವರ ತಲೆಗೆ ತುಂಬಿದ್ದೇವೆ. ಆ ಬೀದಿಯ ಅರ್ಧ ಭಾಗದಲ್ಲಿ ಅವಳೇ ತಿಳಿದವಳು. ದಾರಿ ತೋರಿಸುವವಳು ಅವಳು, ತಪ್ಪು ತಿದ್ದುವವಳು ಅವಳು. ಅವಳ ಕೋಲಾರದ ಕನ್ನಡವೇ ಅಲ್ಲಿನ ಕನ್ನಡ. ನಾನು ನೋಡಿದ ಹಾಗೆ ಇದರಿಂದ ಅವಳ ಇಂಗ್ಲಿಷಿಗೂ ಧೈರ್ಯ ಬರುತ್ತದೆ. ಒಂದು ಕಡೆ ಕೊಟ್ಟವರಿಗೆ ಇನ್ನೊಂದು ಕಡೆ ಕೇಳಲು ನಾಚಿಕೆ ಇರುವುದಿಲ್ಲ.

ಯಾವಾಗ ಯಾವ ಭಾಷೆ ಅನ್ನುವುದನ್ನು ಗಡಿಯಾರಕ್ಕೆ ಬಿಡಬೇಡಿ, ಜಾಗಕ್ಕೆ ಬಿಡಿ. ರಸ್ತೆಯ ಈ ಕಡೆ ಕನ್ನಡ, ಆ ಕಡೆ ಇಂಗ್ಲಿಷ್. ನಡುವೆ ಒಂದು ಬಸ್ ಸ್ಟಾಪ್, ಅಲ್ಲಿ ಏನು ಬೇಕಾದರೂ ಬೆರೆಸಿ ಮಾತಾಡಿ. ದಣಿದವರು ಅಲ್ಲಿ ಬಂದು ಕೂರುತ್ತಾರೆ. ಹದಿಹರೆಯದವರಿಗೆ ಯಾರೋ ದೊಡ್ಡವರು ಈಗ ಕನ್ನಡ ಅಂತ ಹೇಳುವುದಕ್ಕಿಂತ ತಾವೇ ರಸ್ತೆ ದಾಟುವುದು ಒಳ್ಳೆಯದು. ನಿರ್ಧಾರ ಅವರದು ಆಗಿರುತ್ತದೆ.

ಇನ್ನು ಮೌನದ ವಿಷಯ. ಮೇರಿ ಬಡ್ ರೋ ಅನ್ನುವ ಸಂಶೋಧಕಿ 1970ರ ದಶಕದಲ್ಲಿ ಒಂದು ಸಂಗತಿ ತೋರಿಸಿಕೊಟ್ಟರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು 1 ಸೆಕೆಂಡ್. ಅದನ್ನು 3 ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ನೆ ಕೂತಿದ್ದವರೂ ಬಾಯಿ ಬಿಡುತ್ತಾರೆ. ಅದೂ ತಮ್ಮ ಭಾಷೆಯಲ್ಲಿ ಮಾತಾಡುವ ಮಕ್ಕಳು. ಇನ್ನೊಂದು ಭಾಷೆಯಲ್ಲಿ ಪದ ಹುಡುಕುವವರಿಗೆ ಇನ್ನೂ ಜಾಸ್ತಿ ಬೇಕು. ನಿಮ್ಮ ಜಗತ್ತಿನ ಕಂಡಕ್ಟರ್ ಪಾತ್ರ ಎಲ್ಲಿಗೆ ಅಂತ ಕೇಳಿ ಎರಡೇ ಸೆಕೆಂಡಿಗೆ ಮತ್ತೆ ಎಲ್ಲಿಗೆ ಅಂತ ಕೇಳಿದರೆ ಮಗು ಹಿಂದೆ ಸರಿಯುತ್ತದೆ. ಕಾಯಲು ಹೇಳಿ ಅವನಿಗೆ. ಬ್ಯಾಗಿನಲ್ಲಿ ಚಿಲ್ಲರೆ ಎಣಿಸುತ್ತಾ ನಿಲ್ಲಲಿ. ನಿಜವಾದ 335ಇ ಬಸ್ಸಿನಲ್ಲಿ ಆ ಪುರುಸೊತ್ತು ಯಾವ ಕಂಡಕ್ಟರಿಗೂ ಇಲ್ಲ, ನಮ್ಮ ಬಸ್ಸಿನಲ್ಲಿ ಇರಬಹುದು.

ಭಾಷಾ ಕ್ಲಾಸಿನ ಅಂಜಿಕೆಯನ್ನು ಅಳೆಯಲು 1986ರಲ್ಲೇ ಎಲೇನ್ ಹಾರ್ವಿಟ್ಜ್ ಮತ್ತು ಜೊತೆಗಾರರು ಒಂದು ಪ್ರಶ್ನಾವಳಿ ಮಾಡಿದರು. ನಾಲ್ಕು ಜನರೆದುರು ತಪ್ಪಾಗಿ ಮಾತಾಡಿ ನಗೆಪಾಟಲಾಗುವ ಭಯಕ್ಕೆ ಅದರಲ್ಲಿ ದೊಡ್ಡ ಜಾಗ ಇದೆ. ಅವತಾರದ, ಅಂದರೆ ತೆರೆಯ ಮೇಲೆ ನಮ್ಮ ಬದಲು ಓಡಾಡುವ ಗೊಂಬೆಯ ಹಿಂದೆ ನಿಂತಾಗ ಆ ಭಯ ಸ್ವಲ್ಪ ಕಡಿಮೆ, ಏಕೆಂದರೆ ಮುಖ ಕೆಂಪಾಗುವುದು ಯಾರಿಗೂ ಕಾಣುವುದಿಲ್ಲ. ಆದರೂ ದನಿ ತನ್ನದೇ ಅಲ್ವಾ? ಹಾಗಾಗಿ ನಮ್ಮ ಬೀದಿಯಲ್ಲಿ ಜಗಲಿಗಳಿವೆ. ಜಗಲಿ ಮೇಲೆ ಕೂತವರನ್ನು ಯಾರೂ ಮಾತಾಡಿಸುವಂತಿಲ್ಲ. ಅವರು ಬರೀ ಕೇಳಿಸಿಕೊಳ್ಳಬಹುದು, ಅಥವಾ ಟೈಪ್ ಮಾಡಬಹುದು. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೂ ನಾನು ಬಿಡುತ್ತೇನೆ. ಮಾತು ಹೊರಬರಲಿ ಮೊದಲು. ಆದರೆ ಅಂಗಡಿ ಬೋರ್ಡು, ಬಸ್ಸಿನ ಬೋರ್ಡು, ರೇಟಿನ ಚೀಟಿ ಎಲ್ಲ ಕನ್ನಡ ಲಿಪಿಯಲ್ಲೇ ಇರಬೇಕು. ಇದರಲ್ಲಿ ರಾಜಿ ಇಲ್ಲ. ಎಡವಿ ಓದಿಕೊಂಡಾದರೂ ಮುಂದೆ ಹೋಗಲಿ.

ಪಾತ್ರಗಳ ದನಿಯ ಬಗ್ಗೆ ಒಂದು ಮಾತು. ಈಗ ಎಐ ಪಾತ್ರಗಳು ಬಂದಿವೆ, ದಣಿಯದೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತವೆ. ಅಭ್ಯಾಸಕ್ಕೆ ಒಳ್ಳೆಯದೇ. ಆದರೆ ನಾನು ಕೇಳಿದವುಗಳ ಕನ್ನಡ ಪಠ್ಯಪುಸ್ತಕದ ಕನ್ನಡ. ಅದನ್ನು ಕಲಿತ ಮಗು ಮಲ್ಲೇಶ್ವರದ 8ನೇ ಕ್ರಾಸಿನಲ್ಲಿ ನಿಂತರೆ ಯಾರು ಏನು ಹೇಳಿದರೂ ತಲೆಗೆ ಹೋಗುವುದಿಲ್ಲ. ಹೂವಿನವರು, ಕಂಡಕ್ಟರು, ಟೈಲರು, ಇವರ ನಿಜವಾದ ದನಿಯನ್ನು ಒಪ್ಪಿಗೆ ಪಡೆದು, ಕೂಲಿ ಕೊಟ್ಟು ರೆಕಾರ್ಡ್ ಮಾಡಿ. ಧಾರವಾಡದವರೊಬ್ಬರು ಇರಲಿ, ಮಂಗಳೂರಿನವರೊಬ್ಬರು ಇರಲಿ. ಕನ್ನಡ ಹಲವು ಬಗೆಯದು ಅನ್ನುವುದು ಮಗುವಿನ ಕಿವಿಗೆ ಮೊದಲ ದಿನವೇ ಬೀಳಲಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಜಗತ್ತನ್ನು ಪೂರ್ತಿ ಕಟ್ಟಿ ಮುಗಿಸಬೇಡಿ. ಚೌಕದ ಇಟ್ಟಿಗೆಗಳನ್ನು ಜೋಡಿಸಿ ಕಟ್ಟುವ ಮೈನ್‌ಕ್ರಾಫ್ಟ್ ಆಟ 2011ರಲ್ಲಿ ಪೂರ್ಣ ರೂಪದಲ್ಲಿ ಬಂತು, ಶಾಲೆಗಳಿಗೆಂದೇ ಮಾಡಿದ ಆವೃತ್ತಿ 2016ರಲ್ಲಿ ಬಂತು. ಮಕ್ಕಳು ಅದಕ್ಕೆ ಹೇಗೆ ಅಂಟಿಕೊಂಡರು ಅಂತ ನಿಮ್ಮ ಮನೆಯಲ್ಲೇ ನೋಡಿರುತ್ತೀರಿ. ಅಲ್ಲಿ ಯಾರೂ ಅವರಿಗೆ ಸಿದ್ಧ ಊರು ಕೊಡಲಿಲ್ಲ. ಬೀದಿಯ ಕೊನೆಗೆ ನಾವು ಒಂದು ಖಾಲಿ ಸೈಟು ಬಿಟ್ಟಿದ್ದೇವೆ. ಅಲ್ಲಿ ಏನು ಬರಬೇಕು ಅಂತ ಮಕ್ಕಳೇ ಮಾತಾಡಿ ತೀರ್ಮಾನಿಸಬೇಕು. ಒಂದು ಸಲ ಕಡಲೆಕಾಯಿ ಪರಿಷೆ ಮಾಡೋಣ ಅಂದರು. ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಪರಿಷೆ. ಅದನ್ನು ನೋಡಿದವರು ಕೆಲವರು, ಹೆಸರೇ ಕೇಳದವರು ಕೆಲವರು. ನೋಡಿದವರು ವಿವರಿಸಬೇಕು. ರಾಶಿ ಎಷ್ಟು ಎತ್ತರ? ಅಳೆಯುವುದು ಹೇಗೆ? ಹಸಿ ಕಾಯಿ ಎಲ್ಲಿ, ಹುರಿದದ್ದು ಎಲ್ಲಿ? ದೊಡ್ಡ ಬಸವ ಯಾವ ಕಡೆಗೆ ಮುಖ ಮಾಡಿದ್ದಾನೆ? ಒಬ್ಬ ಹುಡುಗ ಮನೆಯಲ್ಲಿ ಕೆಲಸಕ್ಕೆ ಬರುವ ಅಕ್ಕನನ್ನು ಕೇಳಿಕೊಂಡು ಬಂದ. ಆ ಅಕ್ಕ ಪ್ರತಿ ವರ್ಷ ಪರಿಷೆಗೆ ಹೋಗುವವರಂತೆ. ಅಷ್ಟು ದಿನ ಅವರ ಜೊತೆ ಅವನು ಕನ್ನಡದಲ್ಲಿ ಮಾತಾಡಿಯೇ ಇರಲಿಲ್ಲ. ಇದನ್ನು ಯಾವ ಪಾಠದಲ್ಲಿ ಬರೆದು ಮಾಡಿಸಲು ಆಗುತ್ತದೆ ಹೇಳಿ? ಅಂಗಡಿ ಕಟ್ಟುವಾಗ ಅಲ್ಲಿ ಬೇಡ, ಇಲ್ಲಿಡು, ನೀನು ತೆಗಿ, ನಾನು ಹಿಡ್ಕೋತೀನಿ ಅಂತ ಎಷ್ಟು ಮಾತು! ಕಟ್ಟಿ ಮುಗಿದ ಮೇಲೆ ಸುತ್ತಾಡುವಾಗ ಆಡಿದ್ದಕ್ಕಿಂತ ಕಟ್ಟುವಾಗ ಆಡಿದ ಮಾತೇ ಹೆಚ್ಚು.

ಅಂಕ, ಬ್ಯಾಡ್ಜ್, ಮೊದಲ ಸ್ಥಾನದ ಪಟ್ಟಿ, ಇವನ್ನೆಲ್ಲ ನಾನು ಹಾಕುವುದಿಲ್ಲ. ಪಟ್ಟಿ ಇದ್ದರೆ ಚುರುಕಾದ ಮಕ್ಕಳು ಅತಿ ಕಡಿಮೆ ಮಾತಿನಲ್ಲಿ ಕೆಲಸ ಮುಗಿಸುವ ದಾರಿ ಹುಡುಕುತ್ತಾರೆ. ನಮಗೆ ಬೇಕಾಗಿರುವುದು ಅದರ ತಿರುಗುಮುರುಗು.

ಸುರಕ್ಷತೆ ಬಗ್ಗೆ ತಂದೆ ತಾಯಂದಿರು ಕೇಳೇ ಕೇಳುತ್ತೀರಿ, ಕೇಳಬೇಕು ಕೂಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷ ತುಂಬದವರೆಲ್ಲ ಮಕ್ಕಳೇ. ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು, ಆ ಒಪ್ಪಿಗೆ ನಿಜವಾದದ್ದೇ ಅಂತ ಪರಿಶೀಲಿಸಲು ಆಗಬೇಕು. ಮಕ್ಕಳ ನಡವಳಿಕೆಯ ಜಾಡು ಹಿಡಿಯುವುದು, ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದು ನಿಷಿದ್ಧ. ಕಾನೂನು ಇರಲಿ ಬಿಡಲಿ, ನಮ್ಮಲ್ಲಿ ಖಾಸಗಿ ಚಾಟ್ ಇಲ್ಲ, ನಿಜವಾದ ಹೆಸರು ಇಲ್ಲ, ಶಾಲೆಯ ಹೆಸರು ಇಲ್ಲ. ಬೀದಿ ತೆರೆದಿದ್ದಾಗ ಇಬ್ಬರು ದೊಡ್ಡವರು ಎಲ್ಲರಿಗೂ ಕಾಣುವ ಹಾಗೆ ಓಡಾಡುತ್ತಿರುತ್ತಾರೆ. ಕದ್ದು ನೋಡುವುದಿಲ್ಲ.

ಸೆಕೆಂಡ್ ಲೈಫ್‌ನವರು 2005ರಲ್ಲಿ 13ರಿಂದ 17 ವರ್ಷದವರಿಗೆ ಬೇರೆಯೇ ಜಗತ್ತು ತೆರೆದಿದ್ದರು. ದೊಡ್ಡವರಿಗೆ ಅಲ್ಲಿ ಪ್ರವೇಶವಿಲ್ಲ, ಹಿನ್ನೆಲೆ ಪರಿಶೀಲನೆಯಾದ ಶಿಕ್ಷಕರಿಗೂ ಬಿಗಿ ಕಟ್ಟುಪಾಡು. ಕೆಲವೇ ವರ್ಷಗಳಲ್ಲಿ ಅದನ್ನು ಮುಚ್ಚಿದರು. ಭಾಷೆ ಕಲಿಯಲು ಅಂಥ ಗೋಡೆ ಅಡ್ಡಿಯೇ. ಭಾಷೆ ಗೊತ್ತಿರುವ ದೊಡ್ಡವರು, ಅಜ್ಜ ಅಜ್ಜಿಯರು ಅಲ್ಲಿ ಬೇಕು. ಗುರುತು ಪರಿಚಯ ಖಾತ್ರಿ ಮಾಡಿಕೊಂಡು, ಎಲ್ಲರ ಎದುರಿಗೆ ಕರೆತನ್ನಿ. ಅವರನ್ನು ಏನೆಂದು ಕರೆಯಬೇಕು, ನೀನು ಅನ್ನಬೇಕಾ ನೀವು ಅನ್ನಬೇಕಾ ಅನ್ನುವುದನ್ನು ಮಗು ಪುಸ್ತಕದಿಂದ ಕಲಿಯುವುದಿಲ್ಲ, ಅಜ್ಜಿಯ ಎದುರು ನಿಂತು ಕಲಿಯುತ್ತದೆ.

ತಾಂತ್ರಿಕ ವಿಷಯ ಬೇಗ ಮುಗಿಸುತ್ತೇನೆ. ಕಣ್ಣಿಗೆ ಕಟ್ಟಿಕೊಳ್ಳುವ ವಿಆರ್ ಹೆಡ್‌ಸೆಟ್ ಬೇಡ. ಸಾಮಾನ್ಯ ಫೋನಿನ ಬ್ರೌಸರಿನಲ್ಲಿ ತೆರೆಯದ ಜಗತ್ತು ಮಾಲೂರಿನ ಹುಡುಗಿಗೆ ತೆರೆಯುವುದಿಲ್ಲ, ಅವಳಿಲ್ಲದೆ ಈ ಯೋಜನೆಯೇ ಇಲ್ಲ. ಬ್ರೌಸರಿನಲ್ಲೇ ತೆರೆಯುವ ಜಗತ್ತು ಕಟ್ಟಲು ಇದ್ದ ಮೊಝಿಲ್ಲಾದ ಹಬ್ಸ್ ಅನ್ನುವ ವೇದಿಕೆ 2018ರಲ್ಲಿ ಶುರುವಾಗಿ ಲಿಂಕ್ ಒತ್ತಿದರೆ ಸಾಕು ಅನ್ನುವಷ್ಟು ಸುಲಭವಾಗಿತ್ತು. 2024ರ ಮೇ ಕೊನೆಗೆ ಮೊಝಿಲ್ಲಾ ಅದನ್ನು ನಿಲ್ಲಿಸಿತು. ಯಾವ ವೇದಿಕೆ ಆರಿಸಿದರೂ ನಿಮ್ಮ ಬೀದಿಯ ಮಾದರಿಗಳು, ದನಿಗಳು, ಚಟುವಟಿಕೆಯ ಹಾಳೆಗಳು ನಿಮ್ಮ ಕಂಪ್ಯೂಟರಿನಲ್ಲಿ ಬೇರೆ ಇರಲಿ, ಎಲ್ಲೆಡೆ ತೆರೆಯುವ ಫೈಲ್ ರೂಪದಲ್ಲಿ. ಒಂದು ರೂಮಿಗೆ ಇಪ್ಪತ್ತಕ್ಕಿಂತ ಜಾಸ್ತಿ ಮಕ್ಕಳನ್ನು ಬಿಡಬೇಡಿ, ಕಡಿಮೆ ಬೆಲೆಯ ಫೋನುಗಳು ತಡೆಯುವುದಿಲ್ಲ.

ಕೊನೆಗೆ ಶಿಕ್ಷಕಿಯೊಬ್ಬರು ಕೇಳಿದರು, ಮಗು ಕಲಿತಿದೆ ಅಂತ ಗೊತ್ತಾಗುವುದು ಹೇಗೆ, ಇದಕ್ಕೆ ಪರೀಕ್ಷೆ ಬೇಡವಾ ಅಂತ. ಬೇಕು ಮೇಡಂ. ನಾವು ಮಾಡುವುದು ಹೀಗೆ. ಶುರುವಿನಲ್ಲಿ ದರ್ಶಿನಿಯ ಚಟುವಟಿಕೆಯನ್ನು ಒಬ್ಬ ಅಪರಿಚಿತ ಜೊತೆಗಾರರ ಜೊತೆ ಮಾಡಿಸಿ, ಪೋಷಕರ ಒಪ್ಪಿಗೆ ಇದ್ದರೆ ದನಿ ಉಳಿಸಿಕೊಳ್ಳುತ್ತೇವೆ. ತಿಂಗಳುಗಳು ಕಳೆದ ಮೇಲೆ ಅಂಥದ್ದೇ ಇನ್ನೊಂದು ಚಟುವಟಿಕೆ, ಬೇರೆ ಪಟ್ಟಿ, ಬೇರೆ ಅಪರಿಚಿತರು. ಎರಡನ್ನೂ ಪಕ್ಕಪಕ್ಕ ಇಟ್ಟು ಮಗುವಿಗೇ ಕೇಳಿಸುತ್ತೇವೆ. ವ್ಯಾಕರಣದ ತಪ್ಪು ಎಣಿಸುವುದಿಲ್ಲ. ಅರ್ಥವಾಗದಿದ್ದಾಗ ಅದು ಸುಮ್ಮನಾಯಿತೋ, ಇಂಗ್ಲಿಷಿಗೆ ಹೋಯಿತೋ, ಇಲ್ಲಾ ಇನ್ನೊಂದ್ಸಲ ಹೇಳಿ ಅಂತ ಕನ್ನಡದಲ್ಲೇ ಕೇಳಿತೋ, ಅದನ್ನು ನೋಡುತ್ತೇವೆ. ಮೂರನೆಯದು ಕೇಳಿಬಂದರೆ ಆ ಮಗುವನ್ನು ಗಾಂಧಿ ಬಜಾರಿಗೆ ಕಳಿಸಬಹುದು. ಅಂಗಡಿಯವರು ಹಿಂದಿಯಲ್ಲಿ ಉತ್ತರ ಕೊಟ್ಟರೂ ಅದು ಕನ್ನಡದಲ್ಲೇ ಮುಂದುವರಿಸುತ್ತದೆ.